ಕನ್ನಡಿಯ ಹಿಂದಿನ ಕಾಲುಗಳು

ಕಳೆದ ಡಿಸೆಂಬರಿನಲ್ಲಿ ಮೊಮ್ಮಗನನ್ನು ಕರೆದುಕೊಂಡು ಮಾಹಿಮ್ ಜಾತ್ರೆಗೆ ಹೋಗಿದ್ದೆ. ಡೊಂಬಿವಲಿಯಿಂದ ದಾದರ್, ಅಲ್ಲಿ ಸೇತುವೆ ಹತ್ತಿ ಇಳಿದು ವೆಸ್ಟರ್ನ್ ಲೈನಿನ ಗಾಡಿ. ಮಖ್ದೂಮ್ ಅಲಿ ಮಾಹಿಮಿಯವರ ದರ್ಗಾದ ಉರುಸು ಅದು, ಹತ್ತು ದಿನ ನಡೆಯುತ್ತದೆ. ಇಲ್ಲಿನವರು ಮೇಳಾ ಅಂತಾರೆ. ಮುಂಬಯಿಗೆ ಬಂದು ಐವತ್ತು ವರ್ಷ ದಾಟಿದರೂ ನನ್ನ ಬಾಯಲ್ಲಿ ಅದು ಜಾತ್ರೆಯೇ. ದೊಡ್ಡ ತೊಟ್ಟಿಲು ತಿರುಗಬೇಕು, ಭಜಿ ಕರಿದ ಎಣ್ಣೆಯ ವಾಸನೆ ಬರಬೇಕು, ಯಾರದೋ ಮಗು ಕಳೆದು ಹೋಗಿ ಮೈಕಿನಲ್ಲಿ ಹೆಸರು ಕೂಗಬೇಕು. ಇಷ್ಟಿದ್ದರೆ ಸಾಕು, ದೇವರು ಯಾರಾದರೇನು, ಜಾತ್ರೆ ಜಾತ್ರೆಯೇ.

ಮರಣ ಬಾವಿಯ ಸಾಲಿನಲ್ಲಿ ನಿಂತಾಗ ಹುಡುಗ ಮೊಬೈಲಿನಲ್ಲಿ ಏನೋ ನೋಡುತ್ತಿದ್ದ. ಹಾವಿನ ಮೈ, ಹುಡುಗಿಯ ಮುಖ. ಯಾವುದೋ ಊರಿನ ತಂಬಿನೊಳಗೆ ಕೂತು ಕಣ್ಣು ಪಿಳಿಪಿಳಿ ಮಾಡುತ್ತಿದ್ದಾಳೆ, ಹೆಸರು ಕೇಳಿದರೆ ಹೇಳುತ್ತಿದ್ದಾಳೆ. "ಅಜ್ಜಾ, ಇದು ಎಐ ಇರಬೇಕಲ್ವಾ?" ಅಂದ.

"ಎಐ ಅಲ್ಲಪ್ಪಾ, ಇದು ಕನ್ನಡಿ. ನಾನು ನಿನ್ನಷ್ಟಿದ್ದಾಗಲೇ ನೋಡಿದ್ದೀನಿ" ಅಂದೆ. ಅವನು ನಂಬಲಿಲ್ಲ. ಅಜ್ಜ ಏನೋ ಹಳೇ ಕಾಲದ ಮಾತಾಡ್ತಾನೆ ಅನ್ನುವ ಹಾಗೆ ನೋಡಿದ. ಆ ನೋಟದ ಸಲುವಾಗಿಯೇ ಇದನ್ನು ಬರೆಯಲು ಕೂತೆ ಅನ್ನಿ.

ನಮ್ಮೂರು ಬಾದಾಮಿ ಹತ್ತಿರದ ಸಣ್ಣ ಹಳ್ಳಿ. ಆಗ ಅದು ವಿಜಾಪುರ ಜಿಲ್ಲೆ, ಈಗ ಬಾಗಲಕೋಟೆ. ನಮಗೆಲ್ಲ ವರ್ಷಕ್ಕೊಂದೇ ದೊಡ್ಡ ಹಬ್ಬ, ಬನಶಂಕರಿ ಜಾತ್ರೆ. ಬನದ ಹುಣ್ಣಿಮೆಗೆ ತೇರು. ತೇರು ಮುಗಿದರೂ ಜಾತ್ರೆ ಮುಗಿಯುವುದಿಲ್ಲ. ನಾಟಕ ಕಂಪನಿಗಳು ವಾರಗಟ್ಟಲೆ ಬೀಡುಬಿಟ್ಟು ರಾತ್ರಿಯಿಡೀ ಆಟ ಆಡುತ್ತವೆ. ಜೊತೆಗೆ ಟೂರಿಂಗ್ ಟಾಕೀಸು, ಸರ್ಕಸ್ಸು, ಬುಟ್ಟಿ ತುಂಬ ರೊಟ್ಟಿ, ಕೆಂಪು ಚಟ್ನಿ, ಕುಡಿಕೆಯ ಮೊಸರು ಹೊತ್ತು ಬರುವ ಹೆಂಗಸರು. ಆ ಕಡೆಯವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ.

1964ರ ಜಾತ್ರೆ ಇರಬೇಕು, ನನಗೆ ಹತ್ತು ವರ್ಷ. ಚಕ್ಕಡಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೋಗಿದ್ದೆವು. ಅವ್ವ, ಆಯಿ, ಕಾಕಾ, ಚಿಗವ್ವ, ಕಾಕಾನ ಮಗಳು. ಈ ತಂಗಿ ನನಗಿಂತ ಎರಡು ವರ್ಷ ಚಿಕ್ಕವಳು. ಹೆಸರು ಬರೆಯುವುದಿಲ್ಲ, ಬರೆದರೆ ಫೋನ್ ಮಾಡಿ ಬೈತಾಳೆ. ಒಂದೂವರೆ ವರ್ಷದವಳಿದ್ದಾಗ ನಾಲ್ಕು ದಿನ ಜ್ವರ ಬಂದು ಎಡಗಾಲು ಸೋತುಹೋಗಿತ್ತು. ಮೊಣಕಾಲಿನ ಮೇಲೆ ಕೈ ಒತ್ತಿಕೊಂಡು ನಡೆಯುತ್ತಿದ್ದಳು. ಯಾಕೆ ಹಾಗಾಯಿತು ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವುದನ್ನು ಮನೆಯಲ್ಲಿ ಯಾರೂ ಒಪ್ಪಿಕೊಂಡೂ ಇರಲಿಲ್ಲ.

ಜಾತ್ರೆಯಲ್ಲಿ ಒಂದು ತಂಬಿನ ಮುಂದೆ ಬಣ್ಣದ ಪಟ ಕಟ್ಟಿದ್ದರು. ಹೆಡೆಯ ಜಾಗದಲ್ಲಿ ಹುಡುಗಿಯ ಮುಖ. ಒಬ್ಬ ತಗಡಿನ ಕಹಳೆ ಬಾಯಿಗಿಟ್ಟುಕೊಂಡು ಕೂಗುತ್ತಿದ್ದ. "ಬರ್ರಿ ಬರ್ರಿ, ನಾಗಕನ್ಯಾ ನೋಡ್ರಿ! ತಾಯಿ ಬಸುರಿದ್ದಾಗ ಹಾವು ಹೊಡದಳು, ಮಗಳು ಹಾವಾಗಿ ಹುಟ್ಟಿದಳು! ಮಾತಾಡ್ತಾಳ, ನಗತಾಳ, ಹಾಲು ಕುಡೀತಾಳ!" ಹತ್ತು ಪೈಸೆ ಕೊಟ್ಟು ಎಲ್ಲರೂ ಒಳಗೆ ಹೋದೆವು.

ಒಳಗೆ ಅರೆಗತ್ತಲು. ಮೂರು ಕಡೆಗೂ ಒಂದೇ ನಮೂನೆಯ ಕೆಂಪು ಬಟ್ಟೆ. ನಡುವೆ ಒಂದು ಸಣ್ಣ ಮೇಜು, ಕಾಲುಗಳ ಸಂದಿಯಿಂದ ಹಿಂದಿನ ಬಟ್ಟೆ ಕಾಣುತ್ತಿತ್ತು. ಅಂದರೆ ಮೇಜಿನ ಕೆಳಗೆ ಏನೂ ಇಲ್ಲ, ಖಾಲಿ. ಮೇಲೆ ಸುರುಳಿ ಸುತ್ತಿದ ಹಾವಿನ ಮೈ, ಅದರ ತುದಿಗೆ ನನ್ನ ವಯಸ್ಸಿನದೇ ಒಂದು ಹುಡುಗಿಯ ಮುಖ. ಹಣೆಗೆ ಕುಂಕುಮ, ಕಣ್ಣಿಗೆ ಕಾಡಿಗೆ. ಕಹಳೆಯವನು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಹೆಂಗಸರು ಕೈಮುಗಿದು ಚಿಲ್ಲರೆ ಹಾಕಿದರು. ನಮ್ಮ ಆಯಿಯೂ ಹಾಕಿದಳು.

ನನ್ನ ಪಕ್ಕ ನಮ್ಮೂರಿನ ಗೆಳೆಯನೊಬ್ಬ ನಿಂತಿದ್ದ. ಶುದ್ಧ ಕಿಡಿಗೇಡಿ. ತಿನ್ನುತ್ತಿದ್ದ ಶೇಂಗಾದ ಸಿಪ್ಪೆಯನ್ನು ಆ ಮೇಜಿನ ಕೆಳಗೆ ಎಸೆದ. ಅದು ಹಿಂದಿನ ಬಟ್ಟೆಯವರೆಗೆ ಹೋಗಬೇಕಾಗಿತ್ತು. ಹೋಗಲಿಲ್ಲ. ನಡುವೆ ಎಲ್ಲೋ ಟಕ್ ಅಂತ ಬಡಿದು ವಾಪಸು ಬಿತ್ತು. ಇನ್ನೊಂದು ಎಸೆದ. ಅದೂ ಹಾಗೆಯೇ. ಮೂರನೆಯದಕ್ಕೆ ಕಹಳೆಯವನು ಬಂದು ಇಬ್ಬರ ಕಿವಿಯನ್ನೂ ಹಿಡಿದು ಹೊರಗೆ ದಬ್ಬಿದ. "ಅಲ್ಲಿ ಏನೋ ಐತಿ ಲೇ" ಅಂತ ಗೆಳೆಯ ಕಿವಿ ಉಜ್ಜಿಕೊಳ್ಳುತ್ತ ಅಂದ. ನನ್ನ ಜೀವನದಲ್ಲಿ ನಾನು ಕಣ್ಣಾರೆ ಕಂಡ ಮೊದಲ ವೈಜ್ಞಾನಿಕ ಪ್ರಯೋಗ ಅದು. ಖರ್ಚು, ಮೂರು ಶೇಂಗಾ ಸಿಪ್ಪೆ.

ಆದರೆ ಚಕ್ಕಡಿಯಲ್ಲಿ ವಾಪಸು ಬರುವಾಗ ನಮ್ಮ ಸಿಪ್ಪೆಯ ಕಥೆ ಯಾರಿಗೂ ಬೇಡವಾಗಿತ್ತು. ಆಯಿ ಚಿಗವ್ವನನ್ನು ಕೇಳಿದಳು, "ನೀ ಬಸುರಿದ್ದಾಗ ಹಿತ್ತಲದಾಗ ಹಾವು ಹೊಡದಿದ್ದಿ ಅಲ್ಲ?" ಚಿಗವ್ವ ಮಾತಾಡಲಿಲ್ಲ. ಹೊಡೆದದ್ದು ನಿಜ. ಕಟ್ಟಿಗೆ ಒಟ್ಟಿಲಿನಲ್ಲಿ ಹಾವು ಬಂದಾಗ ಬಡಿಗೆ ತಗೊಂಡು ಹೊಡೆದಿದ್ದಳು, ಯಾವ ಹೆಂಗಸಾದರೂ ಮಾಡುವ ಕೆಲಸ. ವರ್ಷಗಳಿಂದ ಉತ್ತರವಿಲ್ಲದ ಪ್ರಶ್ನೆಗೆ ಆ ದಿನ ಮನೆಯವರಿಗೆಲ್ಲ ಉತ್ತರ ಸಿಕ್ಕಿಬಿಟ್ಟಿತು. ಅಲ್ಲಿಂದ ಮುಂದೆ ನಾಗರ ಕಲ್ಲು ಪ್ರತಿಷ್ಠೆ, ಊರೂರಿನ ಹರಕೆ, ಅದಕ್ಕೆಲ್ಲ ಸಾಲ. ಚಿಗವ್ವ ಮದುವೆ ಮುಂಜಿಗೆ ಹೋಗುವುದನ್ನೇ ಬಿಟ್ಟಳು. ಹತ್ತು ಪೈಸೆಯ ಆಟ ನಮ್ಮ ಮನೆಗೆ ಬಿದ್ದ ಬೆಲೆ ಇದು.

ಇನ್ನು ನಮ್ಮ ಸಾಲಿ ಮಾಸ್ತರ ವಿಷಯ. ಸಿಪ್ಪೆಯ ಸಂಗತಿಯನ್ನು ಗೆಳೆಯ ಅವರ ಮುಂದೆ ಹೇಳಿದ. ಬೈತಾರೆ ಅಂದುಕೊಂಡಿದ್ದೆವು. ಅವರು ಬೈಯಲಿಲ್ಲ. ಸಿಪ್ಪೆ ಎಷ್ಟು ದೂರ ಹೋಗಿ ಬಡಿಯಿತು, ಸಪ್ಪಳ ಹೇಗಿತ್ತು, ಮೇಜಿನ ಕಾಲು ಎಷ್ಟು ಕಂಡವು, ಪಕ್ಕದ ಬಟ್ಟೆ ಯಾವ ಬಣ್ಣ ಅಂತ ಪೊಲೀಸರ ಹಾಗೆ ಕೇಳಿದರು. ಒಂದು ವಾರ ಏನೂ ಹೇಳಲಿಲ್ಲ. ಆಮೇಲೆ ಸಾಲಿಯ ಗ್ಯಾದರಿಂಗ್ ಬಂತು. ಮಾಸ್ತರು ಕಟಿಂಗ್ ಅಂಗಡಿಯಿಂದ ಎರಡು ಕನ್ನಡಿ ಕಡ ತಂದರು. ಬಡಿಗನ ಕಡೆಯಿಂದ ಒಂದು ಹಲಗೆಗೆ ತಲೆ ತೂರುವಷ್ಟು ತೂತು ಕೊರೆಸಿದರು. ಮೂರು ಕಡೆಗೂ ಬಿಳಿ ಧೋತರ ಕಟ್ಟಿದರು.

ಕೆಲಸ ಹೀಗೆ. ನಾಲ್ಕು ಕಾಲಿನ ಮೇಜನ್ನು ಒಂದು ಮೂಲೆ ಮುಂದೆ ಬರುವಂತೆ ತಿರುಗಿಸಿ ಇಡಬೇಕು. ಮುಂದಿನ ಕಾಲಿನಿಂದ ಎಡಗಾಲಿಗೆ ಒಂದು ಕನ್ನಡಿ, ಬಲಗಾಲಿಗೆ ಇನ್ನೊಂದು. ಕನ್ನಡಿಗಳು ನೋಡುವವರಿಗೆ ನೇರವಾಗಿಲ್ಲ, 45 ಡಿಗ್ರಿ ಓರೆ. ಹಾಗಾಗಿ ನೋಡುವವರ ಮುಖ ಅದರಲ್ಲಿ ಕಾಣುವುದಿಲ್ಲ, ಪಕ್ಕದ ಗೋಡೆಯ ಬಟ್ಟೆ ಕಾಣುತ್ತದೆ. ಪಕ್ಕದ ಬಟ್ಟೆಯೂ ಹಿಂದಿನ ಬಟ್ಟೆಯೂ ಒಂದೇ ನಮೂನೆ ಇರುವುದರಿಂದ ಹಿಂದಿನದನ್ನೇ ನೋಡುತ್ತಿದ್ದೇವೆ ಅಂತ ಕಣ್ಣು ತಿಳಿಯುತ್ತದೆ. ಕನ್ನಡಿಗಳ ಹಿಂದೆ ಒಬ್ಬ ಮನುಷ್ಯ ಆರಾಮಾಗಿ ಕೂರಬಹುದು.

ಯಾರು ಕೂರುವವರು ಅಂತ ಮಾಸ್ತರು ಕೇಳಿದಾಗ ತಂಗಿ ಕೈ ಎತ್ತಿದಳು. ಓಟ, ಕೋಲಾಟ ಯಾವುದಕ್ಕೂ ಅವಳನ್ನು ಸೇರಿಸುತ್ತಿರಲಿಲ್ಲ, ಇದು ಕೂರುವ ಕೆಲಸ. ಆ ದಿನ ಬರೀ ತಲೆಯೊಂದೇ ಹಲಗೆಯ ಮೇಲೆ ಇದ್ದುಕೊಂಡು ಎರಡರಿಂದ ಹತ್ತರವರೆಗೆ ಮಗ್ಗಿ ಹೇಳಿತು. ಊರಿನವರು ಬಾಯಿ ಬಿಟ್ಟುಕೊಂಡು ನೋಡಿದರು. ಆಮೇಲೆ ಮಾಸ್ತರು ಮೇಜಿನ ಮುಂದೆ ಬಂದು ತಮ್ಮ ಬೆತ್ತವನ್ನು ಕಾಲುಗಳ ಸಂದಿಗೆ ಹಿಡಿದರು. ಒಂದು ಬೆತ್ತ ಎರಡಾಯಿತು. ಜನ ಹೋ ಅಂದರು. ಕನ್ನಡಿ ಸರಿಸಿದರು. ತಂಗಿ ಹೊರಗೆ ಬಂದಳು. ಚಪ್ಪಾಳೆ ಬಿದ್ದದ್ದು ತಲೆ ಮಗ್ಗಿ ಹೇಳಿದಾಗಲ್ಲ, ಕನ್ನಡಿ ಸರಿಸಿದಾಗ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಚಿಗವ್ವ ಗ್ಯಾದರಿಂಗಿಗೆ ಬಂದಿರಲಿಲ್ಲ. ತಂಗಿ ಮನೆಗೆ ಓಡಿದಷ್ಟು ಜೋರಾಗಿ ಬಂದು, ಒಲೆಯ ಮುಂದೆ ಕೂತಿದ್ದ ಅವ್ವನಿಗೆ ಹೇಳಿದಳು, "ಅವ್ವಾ, ಜಾತ್ರ್ಯಾಗಿನ ಆ ಹುಡುಗಿಗೆ ಕಾಲು ಅದಾವು! ಕನ್ನಡಿ ಹಿಂದ ಅದಾವು!"

ಚಿಗವ್ವ ರೊಟ್ಟಿ ತಿರುವಿ ಹಾಕಿ ಅಂದಳು, "ಅಕಿಗೆ ಅದಾವು. ನಿನಗ?"

ಅರವತ್ತು ವರ್ಷದಿಂದ ಆ ಪ್ರಶ್ನೆ ನನ್ನ ಜೊತೆ ಇದೆ. ವಿಜ್ಞಾನ ಪ್ರಸಾರ, ಮೂಢನಂಬಿಕೆ, ಜಾತ್ರೆ ಅಂತ ಯಾರಾದರೂ ಭಾಷಣ ಮಾಡಿದಾಗಲೆಲ್ಲ ಅದು ಎದ್ದು ನಿಲ್ಲುತ್ತದೆ.

ನಿವೃತ್ತಿಯಾದ ಮೇಲೆ ಈ ಆಟ ಎಲ್ಲಿಂದ ಬಂತು ಅಂತ ಹುಡುಕಲು ಹೊರಟೆ. ಬೇರು ಯಾವುದೋ ಮಾಂತ್ರಿಕನ ಕಡೆ ಹೋಗುತ್ತದೆ ಅಂದುಕೊಂಡಿದ್ದೆ. ಹೋದದ್ದು ಲಂಡನ್ನಿನ ಒಂದು ವಿಜ್ಞಾನ ಸಂಸ್ಥೆಗೆ! 1838ರಲ್ಲಿ ತೆರೆದ ಪಾಲಿಟೆಕ್ನಿಕ್ ಸಂಸ್ಥೆ ಅದು. ಜನಸಾಮಾನ್ಯರು ಟಿಕೆಟ್ ಕೊಟ್ಟು ಬಂದು ಯಂತ್ರಗಳನ್ನು ನೋಡಬಹುದಿತ್ತು, ನೀರಿನೊಳಗೆ ಇಳಿಸುವ ಗಂಟೆಯಲ್ಲಿ ಕೂರಬಹುದಿತ್ತು, ವಿಜ್ಞಾನದ ಉಪನ್ಯಾಸ ಕೇಳಬಹುದಿತ್ತು. ಅಲ್ಲಿ ಜಾನ್ ಹೆನ್ರಿ ಪೆಪ್ಪರ್ ಅಂತ ರಸಾಯನಶಾಸ್ತ್ರದ ಉಪನ್ಯಾಸಕರು. ಹೆನ್ರಿ ಡಿರ್ಕ್ಸ್ ಎಂಬ ಎಂಜಿನಿಯರ್ ಯೋಚಿಸಿದ್ದ ಒಂದು ಉಪಾಯವನ್ನು ತಿದ್ದಿ, 1862ರ ಡಿಸೆಂಬರ್ 24ರಂದು ರಂಗದ ಮೇಲೆ ದೆವ್ವ ತೋರಿಸಿದರು. ದೊಡ್ಡ ಗಾಜಿನ ಹಾಳೆಯನ್ನು ಓರೆಯಾಗಿ ನಿಲ್ಲಿಸಿ, ಕೆಳಗೆ ಮರೆಯಲ್ಲಿ ನಿಂತ ನಟನ ಮೇಲೆ ಜೋರು ಬೆಳಕು ಬಿಟ್ಟರೆ ಅವನ ಬಿಂಬ ಗಾಜಿನಲ್ಲಿ ಮೂಡಿ ರಂಗದ ಮೇಲೆ ಪಾರದರ್ಶಕವಾಗಿ ಓಡಾಡುತ್ತದೆ. ರಾತ್ರಿ ಬಸ್ಸಿನ ಕಿಟಕಿಯಲ್ಲಿ ನಮ್ಮದೇ ಮುಖ ಹೊರಗಿನ ಗಿಡಮರಗಳ ಮೇಲೆ ತೇಲುವುದಿಲ್ಲವೇ, ಅದೇ.

ಸ್ವಾರಸ್ಯ ಇರುವುದು ಮುಂದೆ. ಆಟ ಮುಗಿದ ಮೇಲೆ ಗುಟ್ಟನ್ನು ಬಿಡಿಸಿ ಹೇಳಬೇಕು ಅಂತಲೇ ಪೆಪ್ಪರ್ ಅಂದುಕೊಂಡಿದ್ದರಂತೆ. ಮೇಷ್ಟ್ರಲ್ಲವೇ. ಆದರೆ ಜನ ಬೆಚ್ಚಿಬಿದ್ದ ರೀತಿ ನೋಡಿ ಮನಸ್ಸು ಬದಲಾಯಿಸಿದರು. ಹೇಳಲಿಲ್ಲ. ಪೇಟೆಂಟಿಗೆ ಹೋದರು. ಮೂರು ವರ್ಷದ ಮೇಲೆ, 1865ರಲ್ಲಿ, ಅದೇ ಪಾಲಿಟೆಕ್ನಿಕ್ಕಿನ ನಂಟಿದ್ದ ಥಾಮಸ್ ಟೋಬಿನ್ ಮೇಜಿನ ಕಾಲಿಗೆ ಕನ್ನಡಿ ಕೂರಿಸುವ ಉಪಾಯ ಮಾಡಿದರು. ಸ್ಟೋಡೇರ್ ಎಂಬ ಜಾದೂಗಾರ ಲಂಡನ್ನಿನ ಈಜಿಪ್ಷಿಯನ್ ಹಾಲ್‌ನಲ್ಲಿ ಮೇಜಿನ ಮೇಲೆ ಮಾತಾಡುವ ತಲೆಯನ್ನು ತೋರಿಸಿದ. ನಮ್ಮ ನಾಗಕನ್ಯೆಯ ಮುತ್ತಜ್ಜಿ ಅದು. ದೆವ್ವದ ಆಟವೂ ಇಂಗ್ಲೆಂಡಿನ ಜಾತ್ರೆಗಳಲ್ಲಿ ಊರೂರು ತಿರುಗಿತು. 1896ರಲ್ಲಿ ಚಲಿಸುವ ಚಿತ್ರ ಬಂದಾಗ ದೆವ್ವದ ತಂಬಿನವರಲ್ಲಿ ಕೆಲವರು ಅದೇ ತಂಬಿನಲ್ಲಿ ಸಿನಿಮಾ ಹಾಕಿದರು. ಅದೇ ವರ್ಷ ಜುಲೈ 7ರಂದು ನಮ್ಮ ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಲೂಮಿಯೆರ್ ಸಹೋದರರ ಚಿತ್ರಗಳು, ಟಿಕೆಟ್ ಒಂದು ರೂಪಾಯಿ. ಆಮೇಲೆ ತಂಬು ಹೊತ್ತು ತಿರುಗಿದವರ ಕೈಯಲ್ಲಿ ಸಿನಿಮಾ ಜಾತ್ರೆ ಜಾತ್ರೆಗೂ ಬಂತು.

ಅಂದರೆ ಜಾತ್ರೆಯವನು ವಿಜ್ಞಾನದ ಶತ್ರು ಅಲ್ಲವೇ ಅಲ್ಲ. ಬೆಳಕು, ಕನ್ನಡಿ, ವಿದ್ಯುತ್ತು, ಸಿನಿಮಾ ಎಲ್ಲವನ್ನೂ ಹಳ್ಳಿಯವರ ಕಣ್ಣಿಗೆ ಮೊದಲು ತೋರಿಸಿದ್ದು ಅವನೇ. ನಮ್ಮ ಮುತ್ಯಾ ಮೊದಲ ಸಲ ವಿದ್ಯುತ್ ದೀಪ ನೋಡಿದ್ದು ನಾಟಕ ಕಂಪನಿಯ ಡೈನಮೊದಿಂದ. ಅವನು ವಸ್ತುವನ್ನು ತಲುಪಿಸಿದ. ಅದು ಹೇಗೆ ಅನ್ನುವುದನ್ನು ಮಾತ್ರ ಮನೆಯಲ್ಲೇ ಬಿಟ್ಟು ಬಂದ. ಆ ಖಾಲಿ ಜಾಗಕ್ಕೆ ಏನಾದರೂ ತುಂಬಬೇಕಲ್ಲ? ಹಾವು ಹೊಡೆದ ತಾಯಿಯ ಕಥೆ ತುಂಬಿದ.

ಬರೀ ಅವನ ಮೇಲೆ ತಪ್ಪು ಹೊರಿಸಿ ಕೈತೊಳೆದುಕೊಳ್ಳುವಂತಿಲ್ಲ. ತಂಗಿಗೆ ಆದದ್ದು ಪೋಲಿಯೊ. ಅದು ವೈರಸ್ಸಿನಿಂದ ಬರುತ್ತದೆ ಅಂತ ವಿಯೆನ್ನಾದಲ್ಲಿ 1908ರಲ್ಲೇ ತೋರಿಸಿದ್ದರು. ಸಾಕ್ ಅವರ ಲಸಿಕೆ 1955ರಲ್ಲೇ ಬಂದಿತ್ತು. ಹೊಲಸಾದ ನೀರು, ಹೊಲಸಾದ ಕೈಯಿಂದ ಹರಡುವ ರೋಗ ಇದು, ಹಾವಿಗೂ ಇದಕ್ಕೂ ಸಂಬಂಧವಿಲ್ಲ ಅಂತ ಹೇಳಲು ಬೇಕಾದ ಜ್ಞಾನ ಜಗತ್ತಿನಲ್ಲಿತ್ತು. ಅದು ನಮ್ಮೂರಿಗೆ ಬರಲಿಲ್ಲ. ನಾಗಕನ್ಯೆಯ ತಂಬು ಬಂತು. ಚಕ್ಕಡಿ ಹೋಗುವ ದಾರಿಯಲ್ಲಿ ತಂಬಿನವನು ಬರಬಲ್ಲವನಾದರೆ ಉಳಿದವರು ಯಾಕೆ ಬರಲಿಲ್ಲ? ನನ್ನ ಸಿಟ್ಟು ಇರುವುದು ಇಲ್ಲಿ.

ನಮ್ಮ ಮಾಸ್ತರು ಒಂದು ಸುಳ್ಳನ್ನು ಬಯಲು ಮಾಡಿದರು, ಅವರ ಪಾದಕ್ಕೆ ನಮಸ್ಕಾರ. ಆದರೆ ಸುಳ್ಳು ತೆಗೆದ ಜಾಗದಲ್ಲಿ ಇಡಲು ಅವರ ಹತ್ತಿರ ನಿಜ ಇರಲಿಲ್ಲ. ಪೋಲಿಯೊ ಎಂಬ ಶಬ್ದ ಅವರಿಗೂ ಗೊತ್ತಿರಲಿಲ್ಲ. ಚಿಗವ್ವ ಕೇಳಿದ್ದು ಕನ್ನಡಿಯ ಗುಟ್ಟಲ್ಲ. ತನ್ನ ಮಗಳ ಕಾಲಿನ ಗುಟ್ಟು.

ಜಾತ್ರೆಯ ಆಟವೇ ನಿಜವನ್ನು ತಲುಪಿಸಿದ ಉದಾಹರಣೆಯೂ ಉಂಟು. ಅಮೆರಿಕದ ನ್ಯೂಯಾರ್ಕಿನ ಬದಿಯಲ್ಲಿ ಕೋನಿ ಐಲ್ಯಾಂಡ್ ಅಂತ ಸಮುದ್ರದಂಡೆಯ ಮೋಜಿನ ಜಾಗ. ತೊಟ್ಟಿಲು, ಜಾರುಬಂಡಿ, ವಿಚಿತ್ರ ಮನುಷ್ಯರ ಪ್ರದರ್ಶನಗಳ ನಡುವೆ ಮಾರ್ಟಿನ್ ಕೌನಿ ಎಂಬಾತ 1903ರಿಂದ 1943ರವರೆಗೆ ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಗಾಜಿನ ಬೆಚ್ಚಗಿನ ಪೆಟ್ಟಿಗೆಗಳಲ್ಲಿಟ್ಟು ಜನರಿಗೆ ತೋರಿಸಿದ. ಕೇಳಲು ಅಸಹ್ಯ ಅನಿಸುತ್ತದೆ, ನನಗೂ ಅನಿಸಿತು. ಆದರೆ ಆಗ ಅಲ್ಲಿನ ಬಹಳಷ್ಟು ಆಸ್ಪತ್ರೆಗಳಲ್ಲಿ ಇನ್‌ಕ್ಯುಬೇಟರ್ ಇರಲಿಲ್ಲ, ಅಂಥ ಕೂಸು ಉಳಿಯುವುದಿಲ್ಲ ಅಂತ ಕೈಬಿಡುತ್ತಿದ್ದರು. ಕೌನಿ ತಂದೆತಾಯಿಗಳಿಂದ ಒಂದು ಪೈಸೆ ತೆಗೆದುಕೊಳ್ಳಲಿಲ್ಲ. ನೋಡಲು ಬಂದವರ 25 ಸೆಂಟಿನ ಟಿಕೆಟ್ಟಿನಿಂದ ದಾದಿಯರ ಸಂಬಳ, ಕೂಸುಗಳಿಗೆ ಎದೆಹಾಲು. ಎಂಟು ಸಾವಿರದಲ್ಲಿ ಆರೂವರೆ ಸಾವಿರ ಕೂಸು ಉಳಿದವು ಅಂತ ಅವನದೇ ಲೆಕ್ಕ. ಅವನು ವೈದ್ಯಕೀಯ ಪದವಿ ಪಡೆದಿದ್ದ ಅನ್ನಲು ದಾಖಲೆ ಸಿಕ್ಕಿಲ್ಲ ಅನ್ನುವುದೂ ನಿಜ. ಆದರೂ ಪೆಟ್ಟಿಗೆಯ ಮುಂದೆ ನಿಂತವರಿಗೆ ಅಲ್ಲಿ ಹೇಳುತ್ತಿದ್ದದ್ದು ಪಾಪದ ಕಥೆಯಲ್ಲ, ಈ ಕೂಸಿಗೆ ಬೆಚ್ಚಗಿನ ಗಾಳಿ, ಹಾಲು, ಶುಚಿ ಬೇಕು, ಕೊಟ್ಟರೆ ಬದುಕುತ್ತದೆ ಅನ್ನುವ ಮಾತು.

ನಮ್ಮಲ್ಲಿ ಪ್ರಯತ್ನಗಳು ಆಗಿಲ್ಲವೆಂದಲ್ಲ. 1965ರಲ್ಲೇ ಕೋಲ್ಕತ್ತದ ಬಿರ್ಲಾ ವಸ್ತುಸಂಗ್ರಹಾಲಯದವರು ಬಸ್ಸಿನಲ್ಲಿ ವಿಜ್ಞಾನ ಪ್ರದರ್ಶನ ತುಂಬಿಕೊಂಡು ಹಳ್ಳಿಗೆ ಹೊರಟರು. ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತಿನವರು 1980ರಲ್ಲಿ ಕಲಾ ಜಾಥಾ ಶುರುಮಾಡಿ ಬೀದಿಯಲ್ಲಿ ಹಾಡು, ನಾಟಕದಿಂದ ವಿಜ್ಞಾನ ಹೇಳಿದರು. 1987ರಲ್ಲಿ ದೇಶದ ಐದು ಕಡೆಯಿಂದ ಜನ ವಿಜ್ಞಾನ ಜಾಥಾ ಹೊರಟು ಅನಿಲ ದುರಂತದ ಭೋಪಾಲಿನಲ್ಲಿ ಸೇರಿತು. ನಮ್ಮ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಇದೆ. ಈ ಮಹಾರಾಷ್ಟ್ರದಲ್ಲಿ ನರೇಂದ್ರ ದಾಭೋಲ್ಕರ್ ಅವರ ಬಳಗ ಬಾಬಾಗಳ ಪವಾಡಗಳನ್ನು ಊರ ಕಟ್ಟೆಯ ಮೇಲೆ ಮಾಡಿ ತೋರಿಸಿ, ಗುಟ್ಟು ಬಿಚ್ಚಿ ಹೇಳುತ್ತಿತ್ತು. 2013ರ ಆಗಸ್ಟ್ 20ರಂದು ಪುಣೆಯಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಗುಟ್ಟು ಬಿಚ್ಚುವುದು ಮಕ್ಕಳಾಟವಲ್ಲ ಅಂತ ಅಂದು ಗೊತ್ತಾಯಿತು. 2007ರಿಂದ 2017ರವರೆಗೆ ಸೈನ್ಸ್ ಎಕ್ಸ್‌ಪ್ರೆಸ್ ಎಂಬ ಹದಿನಾರು ಬೋಗಿಯ ರೈಲು ದೇಶ ಸುತ್ತಿತು. ಈಗ ಅದಿಲ್ಲ.

ಎಲ್ಲಕ್ಕಿಂತ ದೊಡ್ಡ ಪಾಠ ಪಲ್ಸ್ ಪೋಲಿಯೊದ್ದು. 1995ರಿಂದ ಹನಿ ಹಾಕುವವರು ಬಸ್ ಸ್ಟ್ಯಾಂಡಿನಲ್ಲಿ, ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ, ಜಾತ್ರೆಗಳಲ್ಲಿ ಟೇಬಲ್ ಹಾಕಿ ಕೂತರು. ಜನ ನಮ್ಮ ಹತ್ತಿರ ಬರಲಿ ಅಂತ ಕಾಯಲಿಲ್ಲ, ಜನ ಇರುವಲ್ಲಿಗೆ ಹೋದರು. 2011ರ ಜನವರಿಯ ಆಚೆಗೆ ದೇಶದಲ್ಲಿ ಕಾಡು ಪೋಲಿಯೊ ವೈರಸ್ಸಿನ ಒಂದೂ ಪ್ರಕರಣ ಕಾಣಲಿಲ್ಲ, 2014ರಲ್ಲಿ ಪೋಲಿಯೊ ಮುಕ್ತ ಅಂತ ಘೋಷಣೆಯೂ ಆಯಿತು. ತಂಬಿನವನ ದಾರಿಯನ್ನೇ ಹಿಡಿದು ಅವನ ಹಾವಿನ ಕಥೆಯನ್ನು ಸೋಲಿಸಿದ್ದು ಹೀಗೆ.

ಹಾಗಾದರೆ ಉಳಿದ ವಿಜ್ಞಾನ ಯಾಕೆ ಹವಾನಿಯಂತ್ರಿತ ಕಟ್ಟಡದಲ್ಲಿ ಕೂರಬೇಕು? ನಮ್ಮ ವಿಜ್ಞಾನ ಕೇಂದ್ರಗಳು ಚೆನ್ನಾಗಿಯೇ ಇವೆ, ತಟ್ಟೆಯ ಮೇಲಿನ ತಲೆಯ ಆಟವನ್ನು ಅಂಥಲ್ಲಿ ಇಡುವ ವಾಡಿಕೆಯೂ ಇದೆ. ಆದರೆ ಮಕ್ಕಳು ಗುಂಡಿ ಒತ್ತುತ್ತಾರೆ, ದೀಪ ಹತ್ತುತ್ತದೆ, ಮುಂದಿನ ಗುಂಡಿಗೆ ಓಡುತ್ತಾರೆ. ಪಕ್ಕದ ಫಲಕವನ್ನು ಓದುವವರು ನನ್ನಂಥ ಮುದುಕರು. ಕೈಹಿಡಿದು ಎಳೆಯುವ ಕಹಳೆಯವನು ಅಲ್ಲಿಲ್ಲ, ಸಿಪ್ಪೆ ಎಸೆಯುವ ಧೈರ್ಯವೂ ಅಲ್ಲಿ ಯಾರಿಗೂ ಬರುವುದಿಲ್ಲ. ನನ್ನ ಅಭಿಪ್ರಾಯ ಇಷ್ಟು. ಬನಶಂಕರಿಯಂಥ ಪ್ರತಿ ದೊಡ್ಡ ಜಾತ್ರೆಯಲ್ಲೂ ಒಂದು ವಿಜ್ಞಾನದ ತಂಬು ಇರಬೇಕು. ನಾಗಕನ್ಯೆಯ ಪಕ್ಕದಲ್ಲೇ ಇರಬೇಕು. ಅದರಲ್ಲಿ ಭಾಷಣ ಬೇಡ, ಆಟ ಬೇಕು. ಆಡಿಸುವವರು ಸಾಧ್ಯವಾದರೆ ಜಾತ್ರೆಯ ಕಸುಬಿನವರೇ ಆಗಲಿ, ಜನರನ್ನು ಕರೆಯುವ ವಿದ್ಯೆ ಅವರಿಗೆ ಗೊತ್ತು. ಆಟ ಮುಗಿದ ಮೇಲೆ ಕನ್ನಡಿ ಸರಿಸಬೇಕು. ಕೊನೆಗೆ ಹೊರಗೆ ಹೋಗುವ ಬಾಗಿಲಲ್ಲಿ ಚಿಗವ್ವನಂಥವರ ಪ್ರಶ್ನೆ ಕೇಳಿಸಿಕೊಳ್ಳಲು ಗೊತ್ತಿರುವ ಒಬ್ಬ ಮನುಷ್ಯ ಕೂತಿರಬೇಕು. ಈ ಕೊನೆಯದು ಇಲ್ಲದಿದ್ದರೆ ಮೊದಲಿನದೆಲ್ಲ ಅರ್ಧ ಕೆಲಸ.

ಗುಟ್ಟು ಹೇಳಿದರೆ ಬಡವರ ಹೊಟ್ಟೆಯ ಮೇಲೆ ಹೊಡೆದಂತೆ ಅಂತ ಕೆಲವರು ಹೇಳುತ್ತಾರೆ. ಆ ಮಾತನ್ನು ಹಗುರವಾಗಿ ತಳ್ಳಿಹಾಕಲಾರೆ. ಮೇಜಿನೊಳಗೆ ಗಂಟೆಗಟ್ಟಲೆ ಮುದುಡಿ ಕೂತಿದ್ದ ಆ ಹುಡುಗಿಯೂ ಯಾರದೋ ಮನೆಯ ಮಗಳು, ಸಾಲಿಗೆ ಹೋಗಬೇಕಾದವಳು. ಆದರೆ ಮರಣ ಬಾವಿಯನ್ನೇ ನೋಡಿ. ಅದರಲ್ಲಿ ಗುಟ್ಟೇ ಇಲ್ಲ. ವೇಗವಾಗಿ ಸುತ್ತುವ ಗಾಡಿಯನ್ನು ಹಲಗೆಯ ಗೋಡೆ ಒಳಕ್ಕೆ ಒತ್ತುತ್ತದೆ, ಆ ಒತ್ತಡದಿಂದ ಹುಟ್ಟುವ ಘರ್ಷಣೆ ಕೆಳಗೆ ಜಾರಲು ಬಿಡುವುದಿಲ್ಲ. ಹತ್ತು ಮೀಟರ್ ಅಗಲದ ಬಾವಿಗೆ ಗಂಟೆಗೆ ಸುಮಾರು 30 ಕಿಲೋಮೀಟರಾದರೂ ವೇಗ ಬೇಕು, ಕಡಿಮೆಯಾದರೆ ಬಿದ್ದ. ಅಲ್ಲಿ ಎಲ್ಲವೂ ಕಣ್ಣೆದುರಿಗೇ ಇದೆ, ಆದರೂ ಜನ ತುದಿಗಾಲಲ್ಲಿ ನಿಂತು ನೋಡುತ್ತಾರೆ, ನೋಟು ಹಿಡಿದು ಕೈ ಚಾಚುತ್ತಾರೆ. ತಿಳಿದರೆ ಬೆರಗು ಹೋಗುತ್ತದೆ ಅನ್ನುವುದು ಸುಳ್ಳು. ನಮ್ಮೂರಿನವರು ಚಪ್ಪಾಳೆ ತಟ್ಟಿದ್ದು ಯಾವಾಗ ಅಂತ ಮೇಲೆ ಹೇಳಿದ್ದೆನಲ್ಲ.

ಇನ್ನು ಈಗಿನ ತಂಬು ಎಲ್ಲರ ಜೇಬಿನಲ್ಲೇ ಇದೆ. ಮೊಬೈಲಿನ ನಾಗಕನ್ಯೆಗೆ ಶೇಂಗಾ ಸಿಪ್ಪೆ ಎಸೆಯಲು ಬರುವುದಿಲ್ಲ. ಎಲ್ಲವನ್ನೂ ನಂಬುವ ನಮ್ಮ ಆಯಿಯ ಕಾಲ ಹೋಯಿತು, ಎಲ್ಲದಕ್ಕೂ ಎಐ ಅಂದುಬಿಡುವ ಮೊಮ್ಮಗನ ಕಾಲ ಬಂತು. ನನಗೆ ಎರಡೂ ಒಂದೇ ಥರ ಕಾಣುತ್ತವೆ. ಇಬ್ಬರೂ ಹೇಗೆ ಅಂತ ಕೇಳುವುದಿಲ್ಲ.

ತಂಗಿಗೆ ಹದಿನೈದು ವರ್ಷವಾದಾಗ ಕಾಕಾ ಅವಳನ್ನೂ ಚಿಗವ್ವನನ್ನೂ ದೊಡ್ಡೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ಡಾಕ್ಟರರು ಕಾಲು ಮುಟ್ಟಿ ನೋಡಿ ಪೋಲಿಯೊ ಅಂದರು, ಅದು ಹೇಗೆ ಬರುತ್ತದೆ ಅಂತ ಕೂಡಿಸಿ ಹೇಳಿದರು. ಚಿಗವ್ವ ಕೇಳಿದಳಂತೆ, "ಹಾವು ಹೊಡದರ ಬರೂದಿಲ್ಲೇನ್ರಿ?" ಅವರು ಇಲ್ಲವ್ವಾ ಅಂದರು. "ಇನ್ನೊಮ್ಮೆ ಹೇಳ್ರಿ" ಅಂದಳಂತೆ. ಅವರು ಇನ್ನೊಮ್ಮೆ ಹೇಳಿದರಂತೆ. ಆ ವರ್ಷ ದೀಪಾವಳಿಗೆ ಚಿಗವ್ವ ತವರಿಗೆ ಹೋಗಿ ಬಂದಳು, ಏಳು ವರ್ಷದ ಮೇಲೆ.

ಮಾಹಿಮ್‌ನಿಂದ ಬಂದ ರಾತ್ರಿ ತಂಗಿಗೆ ಫೋನ್ ಮಾಡಿ ಮೊಮ್ಮಗನ ಕೈಗೆ ಕೊಟ್ಟೆ. ಮೇಜಿನ ಮೇಲಿನ ತಲೆ ನಾನೇ ಇದ್ದೆ ಕಣೋ ಅಂತ ಅವಳು ಹೇಳಿದ್ದು ನನಗೂ ಕೇಳಿಸಿತು. ಮಾರನೆಯ ಭಾನುವಾರ ಅವನು ಮನೆಯ ಎರಡು ಕನ್ನಡಿ ಬಿಚ್ಚಿ ಟೀಪಾಯಿಗೆ ಕಟ್ಟಲು ಹೋಗಿ ಒಂದನ್ನು ಒಡೆದ. ಸೊಸೆ ಬೈದಳು, ನನ್ನನ್ನೂ ಸೇರಿಸಿ. ಇನ್ನೊಂದು ಕನ್ನಡಿ ತರಬೇಕು. ನಿಮ್ಮೂರಿನ ಜಾತ್ರೆಯಲ್ಲಿ ಈಗಲೂ ಆ ತಂಬು ಬರುತ್ತದೆಯೇ? ಬಂದರೆ ಹೋಗಿ ನೋಡಿ, ಟಿಕೆಟ್ ಕೊಟ್ಟೇ ನೋಡಿ. ಜೇಬಿನಲ್ಲಿ ನಾಲ್ಕು ಶೇಂಗಾ ಇರಲಿ.